ಹೆಬ್ಬೆರಳು ಸರಿದ ನಾಲ್ಕು ಸೆಕೆಂಡು

ಅಂಗಡಿಯಿಂದ,
ಮಂಗಳವಾರ, ಹನ್ನೊಂದನೇ ತಾರೀಕು,
ಬೆಳಿಗ್ಗೆ ಎಂಟೂವರೆ, ಶಟರ್ ಅರ್ಧ ಮಾತ್ರ ಎತ್ತಿದ ಹೊತ್ತು.

ಮಹಾಜನಗಳೇ, ಮಹಿಳೆಯರೇ, ಬೀಗದಕೈ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಹೊಸ್ತಿಲಲ್ಲಿ ಕೂತ ಮಹನೀಯರೇ! ಒಂದು ಬೆರಳಿನಿಂದ ನಮ್ಮನ್ನು ಮೇಲೆತ್ತುವವರೇ, ಅದೇ ಬೆರಳಿನಿಂದ ಅತ್ತ ಸರಿಸುವವರೇ! ಬನ್ನಿ, ಕೂರಿ, ಗಂಟೆ ಬಾರಿಸಿ. ನಮ್ಮ ಸಂಸಾರವನ್ನೊಂದು ದಡ ಸೇರಿಸಿ.

ಪ್ರೀತಿಯ ಅಪ್ಪಾ,

ಗಾಬರಿಯಾಗಬೇಡಿ, ಬೇರೆಯವರ ಕಾಗದ ನಿಮ್ಮ ವಿಳಾಸಕ್ಕೆ ಬಂದಿಲ್ಲ. ಎರಡು ವರ್ಷದಿಂದ ವೀಡಿಯೊಗೆಂದು ಫೋನಿನ ಮುಂದೆ ಇದೇ ಪೀಠಿಕೆ ಹಾಕಿ ಹಾಕಿ, ಪೆನ್ನು ಹಿಡಿದರೂ ಮೊದಲು ಅದೇ ಸುರಿಯಿತು. ಹೊಸ ಹಾಳೆ ತೆಗೆಯೋಣ ಎಂದರೆ ಪ್ಯಾಡಿನಲ್ಲಿ ಉಳಿದಿರುವುದೇ ನಾಲ್ಕು. ನಿಮ್ಮ ಆರೋಗ್ಯ ಹೇಗಿದೆ? ಎಡಗಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಿದ್ದೀರಾ, ಇಲ್ಲ ಅಕ್ಕ ಬಾಟಲಿ ಹಿಡಿದು ಬಂದ ಕೂಡಲೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತೀರಾ? ಅವಳ ಮನೆಯ ಮೆಟ್ಟಿಲು ಎತ್ತರ. ಕಂಬಿ ಹಿಡಿದೇ ಇಳಿಯಿರಿ, ಕಂಬಿ ಹಿಡಿದರೆ ವಯಸ್ಸಾಯಿತು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಮ್ಮ ಸೊಸೆ ಚೆನ್ನಾಗಿದ್ದಾಳೆ. ಅಂದರೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ, ಆಡಿದ ಮಾತಿಗೆ ಖಾರ ಜಾಸ್ತಿ ಮಾಡಿದ್ದಾಳೆ. ಮೊನ್ನೆ ಊಟಕ್ಕೆ ಕೂತಾಗ ನೀರು ಕೇಳಿದೆ. "ಕ್ಯಾಮೆರಾ ಆನ್ ಇದ್ಯಾ, ಆಫ್ ಇದ್ಯಾ? ಅದರ ಮೇಲೆ ತಂದ್ಕೊಡ್ತೀನಿ" ಅಂದಳು.

ಮೂರು ವಾರದಲ್ಲಿ ಹದಿನೇಳು ಸಲ ಫೋನು ಮಾಡಿದ್ದೇನೆ. ಅಕ್ಕ ಎತ್ತುತ್ತಾಳೆ, ನಿಮಗೆ ಕೊಡಲು ಬರುತ್ತಾಳೆ, ನೀವು ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತೀರಿ. ನನಗೆ ಕೇಳುವುದು ಬಾಗಿಲಿನ ಶಬ್ದ ಒಂದೇ. ಅದು ಹಳೆಯ ಲಿವರ್ ಬೀಗ, ನಾಲಿಗೆ ಸವೆದಿದೆ ಎಂಬುದು ಇಲ್ಲಿಂದಲೇ ಗೊತ್ತಾಗುತ್ತದೆ. ಅಷ್ಟರಮಟ್ಟಿಗೆ ನಿಮ್ಮ ಮಗ. ಅದಕ್ಕೇ ಈ ಕಾಗದ. ಕಾಗದ ಕಂಡರೆ ಎದ್ದು ಹೋಗುವ ಸ್ವಭಾವ ನಿಮ್ಮದಲ್ಲ, ಕರೆಂಟು ಬಿಲ್ಲನ್ನೂ ಕಡೆಯ ಸಾಲಿನವರೆಗೆ ಓದುವವರು ನೀವು. ಇನ್ನೊಂದು ಅನುಕೂಲವೆಂದರೆ, ಇದರಲ್ಲಿ ನಾನು ಮಧ್ಯದ ತುಣುಕು ಕತ್ತರಿಸಿ ಹಿಂದುಮುಂದು ಅಂಟಿಸಲಾರೆ. ಹೊಡೆದುಹಾಕಿದರೆ ಹೊಡೆದುಹಾಕಿದ್ದು ಕಾಣುತ್ತದೆ.

ಅಂಗಡಿಯ ಸುದ್ದಿ ಹೇಳುತ್ತೇನೆ. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಕೈ ಚಾಚಿದರೆ ಮುಟ್ಟುವ ಈ ಅಂಗಡಿಗೆ ಈಗ ದಿನಕ್ಕೆ ನಲವತ್ತು ಜನ ಬರುತ್ತಾರೆ. ಅದರಲ್ಲಿ ಕೀಲಿಕೈ ಬೇಕಾದವರು ಆರು. ಉಳಿದವರಿಗೆ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೊ ಬೇಕು. ಇಲ್ಲದಿದ್ದರೆ, "ಅಣ್ಣಾ, ನನ್ನ ಹೆಸರಿಗೊಂದು ಪ್ರಾಸ ಹೇಳಿ" ಎನ್ನುತ್ತಾರೆ. ಒಬ್ಬ ಮಹಾನುಭಾವ ಹೊಚ್ಚಹೊಸ ಬೀಗ ತಂದು, ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು, "ಕಳೆದುಹೋಗಿದೆ ಅಂತ ಇಟ್ಕೊಳ್ಳಿ, ತೆಗೀರಿ ನೋಡೋಣ" ಅಂದ. ಹೋದ ವಾರ ಒಬ್ಬ ಹೆಂಗಸು ಓಡುತ್ತಾ ಬಂದಳು. ಮನೆಯೊಳಗೆ ಒಲೆ ಉರಿಯುತ್ತಿದೆ, ಬಾಗಿಲು ಎಳೆದುಕೊಂಡಿದೆ, ಬೇಗ ಬನ್ನಿ ಅಂದಳು. ಹೋದೆ. ಹೋಗಿ, ಬಾಗಿಲ ಮುಂದೆ ಮಂಡಿಯೂರಿ ಕೂತು, ಅಭ್ಯಾಸಬಲದಿಂದ ಫೋನನ್ನು ಮೊದಲು ಗೋಡೆಗೆ ಒರಗಿಸಿದೆ. ಬೆಳಕು ಸರಿಯಿಲ್ಲ ಎಂದು ಎರಡನೆಯ ಸಲ ಒರಗಿಸಿದೆ. ಆಕೆ ನನ್ನನ್ನೇ ನೋಡಿದಳು. ಬಾಗಿಲು ತೆಗೆದಾಗ ಪಾತ್ರೆ ತಳ ಹಿಡಿದಿತ್ತು. ದುಡ್ಡು ಬೇಡ ಅಂದೆ. "ಯಾಕೆ, ವಿಡಿಯೋದಲ್ಲಿ ಬರುತ್ತಲ್ಲ, ಅದಕ್ಕಾ?" ಅಂದಳು. ಆ ವೀಡಿಯೊ ನಾನು ಹಾಕಿಲ್ಲ. ಹಾಕಿಲ್ಲ ಎಂದು ನಿಮ್ಮ ಮುಂದೆ ಹೇಳಿಕೊಳ್ಳುವಷ್ಟು ಮಾತ್ರ ಒಳ್ಳೆಯವನಾಗಿ ಉಳಿದಿದ್ದೇನೆ.

ನಿಮ್ಮ ಸ್ಟೂಲು ಖಾಲಿ ಇದೆ. ಕೀಲಿಕೈ ಉಜ್ಜುವ ಅರಗಳು ತಗಡಿನ ಡಬ್ಬಿಯಲ್ಲಿ ನೀವು ಮುಚ್ಚಿಟ್ಟ ಹಾಗೇ ಇವೆ. ನೋಡುಗರು ದಿನವೂ ಕೇಳುತ್ತಾರೆ: ಕೀಲಿತಾತ ಎಲ್ಲಿ, ಬೈಯುವವರಿಲ್ಲದೆ ನಿಮ್ಮ ಪ್ರಾಸ ಸಪ್ಪೆ. ನಿಜವೇ. ನಾನು ಹಾಡಿದ ಹಾಗೆ ಮಾತಾಡುವುದು, ನೀವು ತಲೆ ಎತ್ತದೆ "ಬಾಯಿಬಡುಕ, ಆ ಬಾಯಿಗೊಂದು ಬೀಗ ಮಾಡ್ತೀನಿ ಇರು" ಅನ್ನುವುದು. ಜನ ಬರುತ್ತಿದ್ದದ್ದು ಎರಡನೆಯದಕ್ಕೆ. "ತಾತ ರಜೆಯಲ್ಲಿದ್ದಾರೆ, ಮಗಳ ಮನೆಯ ಸಜ್ಜೆಯಲ್ಲಿದ್ದಾರೆ" ಎಂದು ತೇಲಿಸಿದ್ದೇನೆ. ಕಿಟಕಿಯ ಮೇಲಿನ ಸಜ್ಜೆಯಲ್ಲಿ ಯಾರೂ ಇರುವುದಿಲ್ಲ ಎಂದು ಗೊತ್ತು. ರಜೆಗೆ ಬೇರೇನೂ ಸಿಗಲಿಲ್ಲ.

ದುಡ್ಡಿನ ವಿಷಯ. ಮೊದಲ ಸಲ ದುಡ್ಡು ಬಂದಾಗ ನೀವು ಕೇಳಿದ್ದು ನೆನಪಿದೆ: "ಬೀಗ ತೆಗೆದಿದ್ದಕ್ಕೆ ಕೊಡ್ತಾರೆ, ಸರಿ. ತೆಗೆಯೋದನ್ನ ತೋರಿಸಿದ್ದಕ್ಕೆ ಯಾಕೋ ಕೊಡ್ತಾರೆ?" ಆವತ್ತು ನಗಾಡಿದೆ. ಆ ದುಡ್ಡಿನಲ್ಲಿ ಫ್ರಿಜ್ಜು ಬಂತು, ಮನೆಯ ಸೋರಿಕೆ ನಿಂತಿತು, ನಿಮ್ಮ ಕಣ್ಣಿನ ಆಪರೇಷನ್ನೂ ಆಯಿತು. ಆದರೆ ನೀವು ಕೇಳಿದ್ದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಬಿ.ಎ.ಯಲ್ಲಿ ಕನ್ನಡ ಐಚ್ಛಿಕ ತೆಗೆದುಕೊಂಡವನಿಗೆ ಇಪ್ಪತ್ತು ವರ್ಷ ಯಾರೂ ಒಂದು ಸಾಲಿಗೆ ತಲೆದೂಗಿರಲಿಲ್ಲ, ಅಪ್ಪಾ. ಹಾಗಿದ್ದವನ ಎರಡು ಸಾಲಿಗೆ ಒಂದೇ ಸಂಜೆ ಐವತ್ತು ಸಾವಿರ ಜನ ಹೃದಯದ ಚಿಹ್ನೆ ಒತ್ತಿದರೆ ಹೃದಯ ಎಲ್ಲಿರಬೇಕೋ ಅಲ್ಲಿರುವುದಿಲ್ಲ. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಸಂಖ್ಯೆ ನೋಡುತ್ತೇನೆ. ಏರಿದ್ದರೆ ಹಸಿವು, ಇಳಿದಿದ್ದರೆ ಹುಳಿತೇಗು.

ಈಗ ಒಂದು ದೊಡ್ಡ ಬೀಗದ ಕಂಪನಿಯವರು ಬೆನ್ನು ಹತ್ತಿದ್ದಾರೆ. ವರ್ಷವಿಡೀ ಅವರ ಬೀಗಕ್ಕೆ ನಾನು ಪ್ರಾಸ ಕಟ್ಟಬೇಕು, ನೀವು ಪಕ್ಕದಲ್ಲಿ ಕೂತು ಬೈಯಬೇಕು. ಅವರ ಕಡೆಯ ಹೆಣ್ಣುಮಗಳು ಎರಡು ಸಲ ಬಂದಿದ್ದಳು, ಬಲು ಚುರುಕು. "ಸರ್, ನಮಗೆ ಮುಖ್ಯವಾಗಿ ಬೇಕಾಗಿರೋದು ನಿಮ್ಮ ತಂದೆಯವರ ಕೈ" ಅಂದಳು. ಜೊತೆಗೆ ಅವರೂ ಬರಬೇಕಲ್ಲಮ್ಮ ಅಂದೆ. ಅವಳಿಗೆ ನಗು ಬರಲಿಲ್ಲ. ಶುಕ್ರವಾರ ಸಹಿ. ಕೊಡುವ ಮೊತ್ತದಲ್ಲಿ ಈ ಅಂಗಡಿಯನ್ನು ಬಾಡಿಗೆಯಿಂದ ಬಿಡಿಸಿ ನಮ್ಮದೇ ಮಾಡಿಕೊಳ್ಳಬಹುದು. ಕರಾರಿನ ಒಂಬತ್ತನೆಯ ಅಂಶ ಮಾತ್ರ ಗಂಟಲಲ್ಲಿ ನಿಂತಿದೆ: ನನ್ನ ಮೇಲಾಗಲಿ, ನಿಮ್ಮ ಮೇಲಾಗಲಿ, ನಮ್ಮ ಕೆಲಸದ ವಿಷಯವಾಗಿ ಯಾವುದೇ ಪೊಲೀಸ್ ತಕರಾರು ಇರಕೂಡದು. "ಹಂಗೇನೂ ಇಲ್ಲ ಅಲ್ವಾ ಸರ್?" ಎಂದು ಅವಳು ಕೇಳಿದಾಗ ನಿಮ್ಮ ಸೊಸೆ ಒಳಗೆ ಒಂದು ತಟ್ಟೆ ಕೈಬಿಟ್ಟಳು. ಸ್ಟೀಲಿನದು, ಒಡೆಯಲಿಲ್ಲ, ಬಹಳ ಹೊತ್ತು ಸುತ್ತಿತು.

ಮೂಲೆಮನೆ ಮೇಡಂ ವಿಷಯಕ್ಕೆ ಬರುತ್ತೇನೆ. ನಿಮಗೆ ಗೊತ್ತಿದ್ದದ್ದನ್ನೇ ಮತ್ತೆ ಬರೆಯಲು ಕಾರಣವಿದೆ. ನೀವು ಅಲ್ಲಿ ಕೂತು ಅದನ್ನು ತಪ್ಪುತಪ್ಪಾಗಿ ನೆನಪಿಸಿಕೊಳ್ಳುತ್ತಿದ್ದೀರಂತೆ. "ನಾನು ಮಾಡಿದ್ದು ಒಂದೇ ಕೀ ಏನೇ, ಎರಡಾ? ಇನ್ನೊಂದು ಎಲ್ಲಾದ್ರೂ ಬಿಟ್ಟೆನಾ?" ಎಂದು ಅಪ್ಪ ದಿನಕ್ಕೆ ಮೂರು ಸಲ ಕೇಳುತ್ತಾರೆ, ರಾತ್ರಿ ಎದ್ದು ಅಂಗಿಯ ಜೇಬು ತಡಕುತ್ತಾರೆ ಎಂದು ಅಕ್ಕ ಫೋನಿನಲ್ಲಿ ಅತ್ತಳು. ಆದ್ದರಿಂದ ನಡೆದದ್ದು ನಡೆದ ಹಾಗೆ ಕೇಳಿ. ಗುರುವಾರ ಮಧ್ಯಾಹ್ನ ಮೇಡಂ ಬಂದರು. ಮಗಳ ಮನೆಗೆ ಎಂಟು ದಿನಕ್ಕೆ ಹೊರಟಿದ್ದೇನೆ, ಅವಳಿಗೂ ಒಂದು ಕೀಲಿಕೈ ಮಾಡಿಕೊಡಿ ಅಂದರು. ಯಂತ್ರದಲ್ಲಿ ಕೂರದ ಹಳೆಯ ನಮೂನೆ, ನೀವು ಕೈಯಲ್ಲೇ ಉಜ್ಜಿದಿರಿ. ಒಂದೇ ಮಾಡಿದಿರಿ. ಅವರ ಎದುರಲ್ಲೇ ಮಾಡಿ, ಹಳೆಯದನ್ನೂ ಹೊಸದನ್ನೂ ಕಾಗದದಲ್ಲಿ ಸುತ್ತಿ ಅವರ ಕೈಗೇ ಕೊಟ್ಟಿರಿ. ಎರಡೂ ಅವರ ಚೀಲದಲ್ಲೇ ಊರು ಬಿಟ್ಟವು. ಎಂಟು ದಿನ ಕಳೆದು ಬಂದು ನೋಡಿದರೆ ಬಾಗಿಲು ಹಾಕಿದ ಹಾಗೇ ಇತ್ತು, ಬೀಗದ ಮೇಲೆ ಒಂದು ಗೀರಿಲ್ಲ. ಒಳಗೆ ಬೀರುವಿನಲ್ಲಿ ಅವರ ತಾಯಿಯ ಬಳೆಗಳಿಲ್ಲ. ಬುಧವಾರ ಸಂಜೆ ಒಳಗೆ ದೀಪ ಉರಿದದ್ದನ್ನು ಎದುರುಮನೆಯವರು ಕಂಡಿದ್ದರಂತೆ. ಮೇಡಂ ಬೇಗ ವಾಪಸ್ಸು ಬಂದರು ಅಂದುಕೊಂಡರಂತೆ.

ಆಮೇಲೆ ಇನ್ಸ್‌ಪೆಕ್ಟರು ಅಂಗಡಿಗೆ ಬಂದರು. ಮರ್ಯಾದೆಯಾಗಿಯೇ ಮಾತಾಡಿದರು, ಅದೇ ಕಷ್ಟವಾದದ್ದು. "ಯಜಮಾನ್ರೇ, ಬೀಗ ಮುರಿದಿಲ್ಲ. ಕೀ ಹಾಕಿ ತೆಗೆದಿದ್ದಾರೆ. ಈ ಕೀ ಮಾಡೋಕೆ ಬರೋದು ಈ ಕಡೆ ನಿಮಗೊಬ್ಬರಿಗೆ. ನಾನಾದ್ರೂ ಏನು ಬರ್ಕೊಳ್ಳಲಿ, ನೀವೇ ಹೇಳಿ." ಮೇಡಂ ಪಕ್ಕದಲ್ಲಿ ನಿಂತು, "ನಿಮ್ಮನ್ನ ನಾನು ಅನುಮಾನಿಸ್ತಿಲ್ಲ ಕಣ್ರೀ, ಆದರೆ..." ಎಂದು ಕಣ್ಣೊರೆಸಿಕೊಂಡರು. ನೀವು ಎರಡೂ ಕೈ ಚಾಚಿ ನೋಡಿಕೊಂಡಿರಿ, ಬೇರೆ ಯಾರದೋ ಕೈ ಎನ್ನುವ ಹಾಗೆ. ಐವತ್ತು ವರ್ಷ ಈ ಬೀದಿಯ ಬೀಗಗಳನ್ನೆಲ್ಲ ತಿಳಿದಿದ್ದವರು ನೀವು, ಒಂದು ಮನೆಯ ಹೊಸ್ತಿಲನ್ನೂ ಕರೆಯದೆ ದಾಟಿದವರಲ್ಲ. ಮಾರನೆಯ ದಿನ ಡಬ್ಬಿ ಮುಚ್ಚಿ, "ಇನ್ನು ಈ ಕೈ ಅರ ಮುಟ್ಟಲ್ಲ" ಎಂದು ಹೇಳಿ, ಪೊಲೀಸ್ ಸ್ಟೇಷನ್ನಿನಲ್ಲಿ ಅಕ್ಕನ ವಿಳಾಸ ಬರೆಸಿ ಬಸ್ಸು ಹತ್ತಿದಿರಿ. ಮೇಡಂ ಹೊಸ ಬೀಗವನ್ನು ಆಚೆ ಬೀದಿಯ ಅಂಗಡಿಯಿಂದ ತಂದು ಹಾಕಿಸಿದ್ದಾರೆ. ನಮ್ಮ ಮುಂದೆ ಹೋಗುವಾಗ ಕೊಡೆಯನ್ನು ಈ ಕಡೆಗೆ ವಾಲಿಸಿಕೊಳ್ಳುತ್ತಾರೆ, ಬಿಸಿಲು ಆ ಕಡೆ ಇದ್ದರೂ.

ಈಗ ಹೇಳಬೇಕಾದದ್ದು. ಮೊನ್ನೆ, ಭಾನುವಾರ, ಕಂಪನಿಯವರಿಗೆ ಕಳಿಸಲೆಂದು ಹಳೆಯ ವೀಡಿಯೊಗಳನ್ನು ಆರಿಸುತ್ತಾ ಕೂತಿದ್ದೆ. ಆ ಗುರುವಾರ ನಾನು ತೆಗೆದದ್ದೂ ಸಿಕ್ಕಿತು. ಮೇಡಂ ಹೊರಟ ಶನಿವಾರವೇ ಹಾಕಿದ್ದು. ಅದರಲ್ಲಿ ನೀವು ಉಜ್ಜುತ್ತಿದ್ದೀರಿ, ಎಂದಿನ ಹಾಗೆ ಗಿರಾಕಿಯ ಕೀಲಿಕೈಯ ಹಲ್ಲುಗಳ ಮೇಲೆ ನಿಮ್ಮ ಎಡಗೈಯ ಹೆಬ್ಬೆರಳಿದೆ. ನಾನು ಹತ್ತು ವರ್ಷದವನಿದ್ದಾಗ ನೀವು ಕಲಿಸಿದ ಮೊದಲ ಪಾಠ ಅದು, ಅರ ಹಿಡಿಯುವುದಕ್ಕೂ ಮೊದಲು: ಕೀಲಿಕೈಯ ಬೆನ್ನು ಯಾರು ಬೇಕಾದರೂ ನೋಡಲಿ, ಹಲ್ಲನ್ನು ಮಾತ್ರ ಪಕ್ಕದಲ್ಲಿ ನಿಂತವನಿಗೂ ತೋರಿಸಬಾರದು. ನಡುವೆ ಒಂದು ಸಲ ಎಡಗಣ್ಣಲ್ಲಿ ನೀರು ಬಂದು ನೀವು ಕನ್ನಡಕ ತೆಗೆದಿರಿ. ಹೆಬ್ಬೆರಳು ಸರಿಯಿತು. ನಾಲ್ಕು ಸೆಕೆಂಡು. ಕಿಟಕಿಯ ಬಿಸಿಲು ಸರಿಯಾಗಿ ಅದರ ಮೇಲೆ ಬಿದ್ದಿದೆ, ಪಕ್ಕದಲ್ಲಿ ನಿಮ್ಮ ಸ್ಟೀಲಿನ ಅಳತೆಪಟ್ಟಿ, ಅದರ ಗೆರೆಗಳು ಎಣಿಸುವಷ್ಟು ಸ್ಪಷ್ಟ. ಕ್ಯಾಮೆರಾ ಹತ್ತಿರ ಹೋಗಿದೆ. ತಾನಾಗಿ ಹೋಗುವ ಕ್ಯಾಮೆರಾ ಅಲ್ಲ ಅದು, ನಾನು ಒಯ್ದದ್ದು. ಹೊಳಪು ಚೆನ್ನಾಗಿದೆ ಎಂದು. ಕೆಲಸ ಬಲ್ಲವನು ಆ ಚಿತ್ರವನ್ನು ನಿಲ್ಲಿಸಿಕೊಂಡು ಅರ್ಧ ಗಂಟೆಯಲ್ಲಿ ಕೀಲಿಕೈ ಉಜ್ಜಬಹುದು. ಯಾವ ಮನೆಯದು ಎಂದು ಅವನು ಹುಡುಕಬೇಕಾಗಿಯೂ ಇರಲಿಲ್ಲ. ಅಷ್ಟು ಉಪಕಾರವನ್ನೂ ನಾನೇ ಮಾಡಿದ್ದೆ, ಪ್ರಾಸಬದ್ಧವಾಗಿ:

ಮೂಲೆಮನೆ ಮೇಡಮ್ಮು ಮಗಳ ಮನೆಗೆ ಹೊರಟ್ರು,
ಹೋಗೋದಕ್ಕೆ ಮುಂಚೆ ನಮ್ಗೆ ಬೀಗದಕೈ ಕೊಟ್ರು.
ಎಂಟು ದಿನ ಖಾಲಿ ಮನೆ, ಕಾವಲಿಗೊಂದೇ ಬೀಗ,
ಅಪ್ಪ ಮಾಡಿದ ಕೈಯೊಂದಿದ್ರೆ ತೆರೆಯುತ್ತೆ ಬೇಗ.

ಆವತ್ತು ಹೊಸೆದಾಗ ಬೀಗ, ಬೇಗ ಎರಡೂ ಇಷ್ಟು ಚೆನ್ನಾಗಿ ಕೂತವಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಕೂಡಲೇ ವೀಡಿಯೊ ತೆಗೆದುಹಾಕಿದೆ. ಗೊತ್ತಿಲ್ಲದೆ ಆದ ತಪ್ಪು, ಅಪ್ಪಾ. ಗೊತ್ತಾದದ್ದೇ ಮೊನ್ನೆ. ಈಗ ನೀವೇ ದಾರಿ ತೋರಿಸಬೇಕು. ಇನ್ಸ್‌ಪೆಕ್ಟರಿಗೆ ಹೇಳಿದರೆ ನಿಮ್ಮ ಹೆಸರು ಉಳಿಯುತ್ತದೆ, ಕಂಪನಿ ಹೋಗುತ್ತದೆ, ನೋಡುವವರೂ ಹೋಗುತ್ತಾರೆ. ಕಳ್ಳನಿಗೆ ವಿಳಾಸ ಹಾಡಿದವನ ಅಂಗಡಿಗೆ ಯಾರು ಕೀಲಿಕೈ ತರುತ್ತಾರೆ? ಹೇಳದಿದ್ದರೆ, ಹೇಗೂ ಅವರ ಹತ್ತಿರ ಪುರಾವೆಯಿಲ್ಲ, ನಾಲ್ಕು ತಿಂಗಳಲ್ಲಿ ತಣ್ಣಗಾಗುತ್ತದೆ, ಅಂಗಡಿ ನಮ್ಮದಾಗುತ್ತದೆ. ಶುಕ್ರವಾರದೊಳಗೆ ಎರಡು ಸಾಲು ಬರೆದು ಹಾಕಿ, ಇಲ್ಲವೇ ಅಕ್ಕನ ಕೈಲಿ ಹೇಳಿಸಿ. ನೀವು ಹೂಂ ಅಂದರೆ ಹೂಂ, ಉಹೂಂ ಅಂದರೆ ಉಹೂಂ. ನಿಮ್ಮ ಮಾತು ಮೀರುವವನಲ್ಲ.

ಅಕ್ಕನಿಗೂ ಭಾವನಿಗೂ ನಮಸ್ಕಾರ ಹೇಳಿ. ಅವರ ಬಾಗಿಲಿನ ಬೀಗಕ್ಕೆ ಎರಡು ಹನಿ ಎಣ್ಣೆ ಬಿಡಲು ಹೇಳಿ. ನೀವಾಗಿ ಮುಟ್ಟುವುದಿಲ್ಲ ಎಂದು ಗೊತ್ತು. ಸ್ವೆಟರು ಹಾಕಿಕೊಳ್ಳಿ. ಜೇಬು ತಡಕಬೇಡಿ. ಬೇಗ ಬನ್ನಿ, ಬೈಯುವವರಿಲ್ಲದೆ ಬಾಯಿ ನಿಲ್ಲುತ್ತಿಲ್ಲ.

ನಿಮ್ಮ ಕಾಲಿಗೆ ನಮಸ್ಕರಿಸುವ,
ನಿಮ್ಮ ಮಗ,
ಬಾಯಿಬಡುಕ.

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಲು ಗೋಂದು ಹುಡುಕುತ್ತಿದ್ದಾಗ ನಿಮ್ಮ ಸೊಸೆ ಕಾಗದ ಎತ್ತಿಕೊಂಡು ನಿಂತಲ್ಲೇ ಓದಿದಳು. ಓದಿ, "ಯಾವ ಮೊನ್ನೆ ರೀ ಅದು?" ಅಂದಳು. ನಾನು ಗೋಂದು ಹುಡುಕುವುದನ್ನು ಮುಂದುವರಿಸಿದೆ. "ನೀವೇ ಹೇಳ್ತೀರ ಅಂತ ಮೂರು ವಾರ ಕಾದೆ. ಅಪ್ಪನಿಗೆ ಬರೆಯೋ ಕಾಗದದಲ್ಲೂ ಇದೇನಾ?" ಅಂದಳು. ಅವಳು ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ, ಅಕ್ಷರ ಓಡುತ್ತಿದೆ, ಕ್ಷಮಿಸಿ.

ಮೊನ್ನೆ ಗೊತ್ತಾದದ್ದಲ್ಲ, ಅಪ್ಪಾ. ವೀಡಿಯೊ ಹಾಕಿದ ಮಾರನೆಯ ಸಂಜೆಯೇ ಯಾರೋ ಒಬ್ಬರು, ನಮ್ಮದೇ ಕೆಲಸದವರು, ಕೆಳಗೆ ಬರೆದಿದ್ದರು: "ಅಣ್ಣಾ, ಹಲ್ಲು ಕಾಣ್ತಿದೆ, ಮೊದಲು ತೆಗೀರಿ." ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದ್ದೇ ಇವಳು. ಆಗ ಮೂರು ಲಕ್ಷ ಜನ ನೋಡಿದ್ದರು, ಗಂಟೆಗಂಟೆಗೆ ಏರುತ್ತಿತ್ತು. ತೆಗೆದು ಮತ್ತೆ ಹಾಕಿದರೆ ಸೊನ್ನೆಯಿಂದ ಶುರು. ತೆಗೆದೆ ಎಂದು ಇವಳಿಗೆ ಸುಳ್ಳು ಹೇಳಿದೆ. ತೆಗೆದದ್ದು ಅವರು ಬರೆದ ಆ ಒಂದು ಸಾಲನ್ನು, ವೀಡಿಯೊವನ್ನಲ್ಲ. ಅದು ಭಾನುವಾರ. ಕಳ್ಳ ಒಳಗೆ ಹೋದದ್ದು ಬುಧವಾರ. ನಡುವೆ ಮೂರು ದಿನ ಇತ್ತು. ವೀಡಿಯೊ ತೆಗೆದುಹಾಕಿದ್ದು ನೀವು ಬಸ್ಸು ಹತ್ತಿದ ಮೇಲೆ, ಯಾರ ಕಣ್ಣಿಗೂ ಬೀಳಬಾರದೆಂದು.

ದಾರಿ ತೋರಿಸಿ ಎಂದು ಮೇಲೆ ಕೇಳಿದ್ದು ನಾಟಕ. ನೀವು ಉಹೂಂ ಅಂದರೆ ನಿಮ್ಮ ಹೆಗಲಿಗೆ ಹಾಕಬಹುದಿತ್ತು, ಅದಕ್ಕೇ. ನಿಮ್ಮ ಉತ್ತರಕ್ಕೆ ಕಾಯುವುದಿಲ್ಲ. ಇದನ್ನು ಅಂಚೆ ಡಬ್ಬಿಗೆ ಹಾಕಿ ಇಬ್ಬರೂ ನೇರ ಸ್ಟೇಷನ್ನಿಗೆ ಹೋಗುತ್ತಿದ್ದೇವೆ, ಅಲ್ಲಿಂದ ಮೇಡಂ ಮನೆಗೆ. ಮೂಲ ವೀಡಿಯೊ ಫೋನಿನಲ್ಲೇ ಇದೆ.

ಆವತ್ತೂ ಇತ್ತು. ಇನ್ಸ್‌ಪೆಕ್ಟರು ಕೇಳುತ್ತಿದ್ದಾಗ ನಾನು ನಿಮ್ಮ ಹಿಂದೆಯೇ ನಿಂತಿದ್ದೆ, ಫೋನು ನನ್ನ ಕೈಯಲ್ಲೇ ಇತ್ತು. ನೀವು ಒಂದು ಸಲ ತಿರುಗಿ ನನ್ನ ಮುಖ ನೋಡಿದಿರಿ. ಆಗ ಹನ್ನೊಂದು ಲಕ್ಷ ಆಗಿತ್ತು, ಅಪ್ಪಾ. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.